ಇರುವೆಗಳು ತೇವಕ್ಕೆ ಬರುತ್ತವೆ

ಔರಾದ
13 ಆಗಸ್ಟ್ 2024

ಅಪ್ಪನವರಿಗೆ ಶರಣು ಶರಣಾರ್ಥಿ,

ನನ್ನ ಅಕ್ಷರ ಕಂಡರೆ ಕವರು ಒಡೆಯದೆ ಒಲೆಗೆ ಹಾಕುತ್ತೀರೇನೋ ಎಂದು ಮೂಲೆಯಲ್ಲಿ ‘ಇರುವೆಯ ವಿಷಯ’ ಎಂದು ದಪ್ಪಗೆ ಬರೆದಿದ್ದೇನೆ. ಎಂಟು ವರ್ಷದಿಂದ ನೀವು ನನ್ನ ಫೋನು ಎತ್ತಿಲ್ಲ. ಹೋಗಲಿ, ಅದನ್ನು ಕೆದಕಲು ಈ ಪತ್ರವಲ್ಲ. ನನ್ನ ಮೇಲಿರುವ ಸಿಟ್ಟು ಇರುವೆಗಳ ಮೇಲೆ ಇಲ್ಲವಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಭಾಲ್ಕಿ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವರನ್ನು ಬಿಟ್ಟು ಇದನ್ನು ಬೇರೆ ಯಾರನ್ನು ಕೇಳಲಿ?

ನಾವೀಗ ಬಸ್ ಡಿಪೋದ ಹಿಂದಿನ ಓಣಿಯಲ್ಲಿದ್ದೇವೆ. ಕೈಲಾಶ ಹೈದರಾಬಾದ ಗಾಡಿಯ ಕಂಡಕ್ಟರ್. ಒಂದು ದಿನ ಬಿಟ್ಟು ಒಂದು ದಿನ ಮನೆಗೆ ಬರುತ್ತಾರೆ. ಉಳಿದಂತೆ ನಾನು, ಅತ್ತೆ ಶಾಲುಬಾಯಿ, ಏಳು ವರ್ಷದ ಮಗಳು.

ವಿಷಯ ಇಷ್ಟು. ತಿಂಗಳಿಂದ ನಮ್ಮ ಬಚ್ಚಲಿಗೆ ಒಂದು ಜಾತಿಯ ಇರುವೆ ಬರುತ್ತಿದೆ. ಎಳ್ಳಿಗಿಂತ ಸಣ್ಣದು. ತಲೆ ಮಾತ್ರ ಕಪ್ಪು, ಹಿಂದಿನ ಮೈ ಇದೆಯೋ ಇಲ್ಲವೋ ಎಂಬಷ್ಟು ಬಿಳಿ. ಫರಸಿಕಲ್ಲಿನ ಮೇಲೆ ಕರಿ ಚುಕ್ಕೆಗಳು ತಾವೇ ಓಡಾಡಿದ ಹಾಗೆ ಕಾಣುತ್ತದೆ. ಕಚ್ಚುವುದಿಲ್ಲ. ಆದರೆ ಒಗೆಯಲು ಇಟ್ಟ ಬಟ್ಟೆಗೆ ಹತ್ತುತ್ತವೆ. ಅದರಲ್ಲೂ ನನ್ನ ಸೀರೆಗೆ ಬರುವುದಿಲ್ಲ, ಕೈಲಾಶರ ಖಾಕಿ ಅಂಗಿಗೂ ಬರುವುದಿಲ್ಲ. ಮಗಳ ಬಟ್ಟೆಗೇ ಬರುತ್ತವೆ.

ಶ್ರಾವಣ ಸೋಮವಾರ ಇರುವೆ ಗೂಡಿಗೆ ಸಕ್ಕರೆ, ರವೆ ಹಾಕುವುದನ್ನು ನಮ್ಮವ್ವ ಕಲಿಸಿಹೋಗಿದ್ದಳಲ್ಲ, ಅದನ್ನು ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಅತ್ತೆ ಅದಕ್ಕೇ ನಗುತ್ತಾರೆ. “ನೀನೇ ಸಕ್ರಿ ಹಾಕಿ ಕರದಿ, ಈಗ ಬಂದಾವ. ಪಾವಣೇರನ್ನ ಕರದು ಬಾಗಲಾ ಹಾಕೊಂಡ್ರ ಹ್ಯಾಂಗ?” ಎನ್ನುತ್ತಾರೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇವು ಶ್ರಾವಣಕ್ಕೆ ಮೊದಲೇ ಬಂದಿವೆ.

ಪುಡಿ ಹೊಡೆಯಲೇ? ಬಿಡಲೇ? ಎರಡು ಸಾಲು ಬರೆದರೂ ಸಾಕು.

ನಿಮ್ಮ
ಈಶ್ವರಿ

*

ಭಾಲ್ಕಿ
22 ಆಗಸ್ಟ್ 2024

ಈಶ್ವರಿಗೆ,

ಪ್ರಶ್ನೆ ಪ್ರಾಣಿಶಾಸ್ತ್ರಕ್ಕೆ ಸಂಬಂಧಿಸಿದ್ದರಿಂದ ಉತ್ತರಿಸುತ್ತಿದ್ದೇನೆ. ಇದಕ್ಕೆ ಬೇರೆ ಅರ್ಥ ಹಚ್ಚಬೇಡ.

ನೀನು ಬರೆದ ಲಕ್ಷಣದಿಂದ ಅದು ಭೂತದ ಇರುವೆ ಎಂದು ಕಾಣುತ್ತದೆ. ಹೆಸರಿಗೆ ಹೆದರುವ ಕಾರಣವಿಲ್ಲ. ಹಿಂಬದಿಯ ಮೈ ಪಾರದರ್ಶಕವಾಗಿದ್ದು ಕಣ್ಣಿಗೆ ಬೀಳದೆ ಹೋಗುವುದರಿಂದ ಆ ಹೆಸರು ಬಂದಿದೆ. ಇದರ ಮೂಲ ಆಫ್ರಿಕವೋ ನಮ್ಮ ಏಷ್ಯಾವೋ ಎಂದು ಬಲ್ಲವರಿಗೂ ಖಚಿತವಿಲ್ಲ, ಏಕೆಂದರೆ ಹಡಗಿನ ಸರಕಿನ ಜೊತೆ ಇದು ಹೋಗದ ದೇಶವಿಲ್ಲ. ಹಿಮ ಬೀಳುವ ನಾಡಿನಲ್ಲೂ ಗಿಡ ಬೆಳೆಸುವ ಗಾಜಿನ ಮನೆಗಳೊಳಗೆ ಸಂಸಾರ ಹೂಡಿದೆ.

ಮಣ್ಣು ಅಗೆದು ಗೂಡು ಕಟ್ಟುವ ಕಷ್ಟ ಇದಕ್ಕಿಲ್ಲ. ಗೋಡೆಯ ಬಿರುಕು, ಹೂಕುಂಡ, ಮಡಿಸಿಟ್ಟ ಬಟ್ಟೆ, ಎಲ್ಲಿ ಬೇಕಾದರೂ ಇರುತ್ತದೆ. ಒಂದು ಗೂಡಿಗೆ ಒಬ್ಬಳೇ ರಾಣಿ ಎಂಬ ನಿಯಮವೂ ಇಲ್ಲ. ಹಲವು ರಾಣಿಯರು ಜಗಳವಿಲ್ಲದೆ ಕೂಡಿ ಇರುತ್ತಾರೆ. ಪಕ್ಕದ ಗೂಡಿನ ಇರುವೆ ಬಂದರೂ ಹೊರಗೆ ದಬ್ಬುವುದಿಲ್ಲ. ಮನಸ್ಸಿಗೆ ಬಂದಾಗ ಒಬ್ಬ ರಾಣಿ ಕೆಲವು ಕೆಲಸಗಾರರನ್ನೂ ಮೊಟ್ಟೆಗಳನ್ನೂ ಕರೆದುಕೊಂಡು ನಡೆದುಹೋಗಿ ಬೇರೆ ಮನೆ ಹೂಡುತ್ತಾಳೆ. ಪುಡಿ ಹೊಡೆದರೆ ಈ ಒಡೆಯುವಿಕೆ ಹೆಚ್ಚಾಗಿ ಒಂದಿದ್ದದ್ದು ನಾಲ್ಕಾಗುತ್ತದೆ. ಆದ್ದರಿಂದ ಪುಡಿ ಬೇಡ.

ಬಚ್ಚಲಿಗೆ ಯಾಕೆ ಬರುತ್ತವೆ ಎಂದರೆ, ಇವು ತೇವಕ್ಕೆ ಬರುತ್ತವೆ. ಇಂಥವರ ಬಟ್ಟೆ ಎಂದು ಆರಿಸುವಷ್ಟು ಬುದ್ಧಿ ಇರುವೆಗಿಲ್ಲ. ಹುಡುಗರು ಬಿಸ್ಕೀಟಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಿರುತ್ತಾರೆ, ಅಷ್ಟೆ. ಬಟ್ಟೆಯನ್ನು ಒದ್ದೆ ನೆಲದ ಮೇಲೆ ಬಿಡದೆ ಗೂಟಕ್ಕೆ ತೂಗುಹಾಕು. ಸಕ್ಕರೆ ಹಾಕುವ ಪದ್ಧತಿಯನ್ನು ಬಚ್ಚಲಿನಿಂದ ದೂರ ಇಟ್ಟುಕೋ. ನನ್ನನ್ನೇ ನೋಡು, ಸಕ್ಕರೆ ಕಾಯಿಲೆಯಿಂದ ಹನ್ನೆರಡು ವರ್ಷ ಸಪ್ಪೆ ಚಹಾ ಕುಡಿಯುತ್ತಿದ್ದೇನೆ, ನನ್ನ ಕಪ್ಪಿನ ಹತ್ತಿರ ಒಂದು ಇರುವೆಯೂ ಸುಳಿಯುವುದಿಲ್ಲ.

ಶಿವರಾಜಪ್ಪ

*

ಔರಾದ
2 ಸೆಪ್ಟೆಂಬರ್ 2024

ಅಪ್ಪಾ,

ನಿಮ್ಮ ಪತ್ರ ಬಂತು. ಒಂದು ಪುಟ ತುಂಬ ಇರುವೆ. ನಾನು ಅದನ್ನು ಎರಡು ಸಲ ಓದಿದೆ, ಕೈಲಾಶ ಒಂದು ಸಲ ಓದಿದರು, ಅತ್ತೆಗೆ ಓದಿ ಹೇಳಿದೆ. “ನಮ್ಮ ಮನ್ಯಾಗ ಭೂತ ಗೀತ ನಡಿಯಂಗಿಲ್ಲಂತ ಬರಿ ಅವರಿಗಿ. ಬಾಬಾಸಾಹೇಬರ ಫೋಟೋ ಅದ ಇಲ್ಲಿ” ಎಂದು ನಕ್ಕರು. ಅವರು ಹಾಗೇ, ಎಲ್ಲಕ್ಕೂ ನಗುತ್ತಾರೆ. ಎಂಟು ವರ್ಷದ ಹಿಂದೆ ನಮ್ಮ ಮದುವೆಯ ಮಾತಿಗೆ ಬಂದ ಅವರನ್ನು ನೀವು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದಾಗಲೂ, ವಾಪಸು ಬರುವ ಬಸ್ಸಿನಲ್ಲಿ “ಮಾಸ್ತರ್ರ ಇಂಗ್ಲಿಷು ಭಾಳ ಚೊಲೊ ಅದ” ಎಂದು ನಗುತ್ತಿದ್ದರಂತೆ. ಪ್ರತಿ ಬಸವ ಜಯಂತಿಗೆ ನೀವು ಮಾಡುವ ಭಾಷಣವನ್ನು ಅವರು ಕೇಳಿಲ್ಲ. ಕೇಳಿದ್ದರೆ ಇನ್ನೂ ನಗುತ್ತಿದ್ದರೇನೋ.

ಇರಲಿ. ನೀವು ಹೇಳಿದ ಹಾಗೆ ಬಟ್ಟೆಯನ್ನು ಗೂಟಕ್ಕೆ ಹಾಕಿದೆ. ಇರುವೆಗಳು ಗೋಡೆ ಹತ್ತಿ ಹೋದವು. ಮೂರು ಗೂಟ, ಮೂರು ಬಟ್ಟೆ. ಮಗಳದ್ದೇ ಕಪ್ಪಾಯಿತು. ಬಿಸ್ಕೀಟು ಕಾರಣ ಎಂದಿರಿ, ಈಗ ಬಿಸ್ಕೀಟು ಮನೆಗೆ ತರುವುದನ್ನೇ ಬಿಟ್ಟಿದ್ದೇನೆ. ಬಂದರೂ ಅವಳು ತಿನ್ನುವುದಿಲ್ಲ. ಅವಳು ಸೊರಗಿದ್ದಾಳೆ. ಎರಡನೆಯ ಇಯತ್ತೆಗೆ ಹೊಸ ಶಾಲೆಗೆ ಹಾಕಿದ್ದೇವೆ, ಅದರ ಅಂಜಿಕೆ ಇರಬೇಕು. ಜಂತಿನ ಗುಳಿಗೆ ಕೊಡಿಸಿದ್ದೇನೆ.

ಈಗ ಇರುವೆಗಳು ಅವಳ ಹಾಸಿಗೆಗೂ ಬರುತ್ತಿವೆ. ಇನ್ನೊಂದು ಏನೆಂದರೆ ಬೆಳಗ್ಗೆ ಅವಳ ಹಾಸಿಗೆಯ ಹತ್ತಿರ ಒಂದು ನಮೂನೆಯ ಸಿಹಿ ವಾಸನೆ. ಮಾಗಿ ಒಡೆದುಹೋದ ಸೀತಾಫಲದ್ದಿರುತ್ತದಲ್ಲ, ಹಾಗೆ. ದಿಂಬಿನ ಕೆಳಗೆ ಹಣ್ಣು ಬಚ್ಚಿಟ್ಟಿದ್ದಾಳೇನೋ ಎಂದು ಎಲ್ಲ ಕೊಡವಿ ನೋಡಿದೆ. ಏನೂ ಇಲ್ಲ. ಇದೂ ಇರುವೆಯ ವಾಸನೆಯೇ?

ಹತ್ತಿಪ್ಪತ್ತು ಇರುವೆಗಳನ್ನು ಅವಳ ಲಂಗದ ಮೇಲಿಂದ ಹಿಡಿದು ಗುಳಿಗೆಯ ಖಾಲಿ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ನಿಮ್ಮ ಭೂತಗನ್ನಡಿಯಲ್ಲಿ ನೋಡಿ ಹೇಳಿ.

ಇನ್ನೊಂದು ಮಾತು ಬರೆಯಬೇಕು ಎಂದು ಪೆನ್ನು ಹಿಡಿದಿದ್ದೆ. ಹೆಣ್ಣುಮಗುವಿನ ವಿಷಯ, ಪತ್ರದಲ್ಲಿ ಬೇಡ ಎನ್ನುತ್ತಾರೆ ಅತ್ತೆ. ಬಿಡಿ.

ಈಶ್ವರಿ

*

ಭಾಲ್ಕಿ
11 ಸೆಪ್ಟೆಂಬರ್ 2024

ಈಶ್ವರಿಗೆ,

ಡಬ್ಬಿ ತಲುಪಿತು. ಟಪಾಲಿನವನು ಅದನ್ನು ಅಲುಗಾಡಿಸಿ, “ಸರ್, ಒಳಗ ಏನದ?” ಎಂದು ಕೇಳಿದ. ಇರುವೆ ಎಂದೆ. ನನ್ನ ಮುಖವನ್ನೇ ನೋಡುತ್ತ ಹೋದ. ನಿನ್ನ ಕಾಕಾ ಸತೀಶಕುಮಾರ ಅಂದಿನಿಂದ ನನ್ನನ್ನು ಕಂಡಾಗೆಲ್ಲ ನಗುತ್ತಿದ್ದಾನೆ.

ನನ್ನ ಊಹೆ ಸರಿ. ಭೂತದ ಇರುವೆಯೇ. ನಿವೃತ್ತನಾದ ಮೇಲೆ ಮಸೂರವನ್ನು ಮುಟ್ಟಿರಲಿಲ್ಲ. ಮೊನ್ನೆ ಅದನ್ನು ಒರೆಸಿ ಕಿಟಕಿಯ ಹತ್ತಿರ ಕೂತವನು ಊಟದ ಹೊತ್ತು ಮೀರುವವರೆಗೆ ಏಳಲಿಲ್ಲ. ನೀನು ಕಳಿಸಿದವು ಬಹಳ ಒಳ್ಳೆಯ ಮಾದರಿಗಳು. ಒಂದೊಂದರ ಹೊಟ್ಟೆಯೂ ದ್ರವದಿಂದ ಉಬ್ಬಿ, ಪಟ್ಟೆಗಳು ಬಿಡಿಬಿಡಿಯಾಗಿ, ನಡುವಿನ ಪೊರೆ ಗಾಜಿನಂತೆ ಹೊಳೆಯುತ್ತಿದೆ. ಇರುವೆಗೆ ಎರಡು ಹೊಟ್ಟೆ ಇರುತ್ತವೆ ಎಂದು ಹೇಳಿಕೊಟ್ಟದ್ದು ನೆನಪಿದೆಯೇ? ಒಂದು ತನ್ನದು, ಇನ್ನೊಂದು ಊರಿನದು. ಕುಡಿದದ್ದನ್ನು ಆ ಊರಿನ ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಗೂಡಿನಲ್ಲಿರುವವರಿಗೆ ಬಾಯಿಂದ ಬಾಯಿಗೆ ಹಂಚುತ್ತದೆ. ಬಣ್ಣದ ನೀರು ಕುಡಿಸಿದರೆ ಇವುಗಳ ಹೊಟ್ಟೆಯಲ್ಲಿ ಆ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ನಿನ್ನವುಗಳ ಹೊಟ್ಟೆಯಲ್ಲಿ ಯಾವ ಬಣ್ಣವೂ ಇಲ್ಲ. ಬಚ್ಚಲಿನ ನೀರು ಕುಡಿದಿವೆ. ನಾನು ಮೊದಲೇ ಹೇಳಿದಂತೆ, ತೇವಕ್ಕೆ ಬರುತ್ತವೆ.

ಆ ವಾಸನೆಗೂ ಉತ್ತರವಿದೆ. ಭೂತದ ಇರುವೆಯನ್ನು ಬೆರಳಿನಲ್ಲಿ ಹೊಸಕಿದರೆ ಹಳಸಿದ ಕೊಬ್ಬರಿಯಂಥ ವಾಸನೆ ಬರುತ್ತದೆ. ಮಲಗಿದವರ ಮೈಕೆಳಗೆ ಇರುವೆಗಳು ಸಿಕ್ಕು ಸಾಯುತ್ತಿರುವುದರಿಂದ ಹಾಸಿಗೆಯಲ್ಲಿ ವಾಸನೆ ಇದೆ. ನಿನಗೆ ಅದು ಸೀತಾಫಲ ಎನಿಸಿದೆ. ಮೂಗು ಒಬ್ಬೊಬ್ಬರದು ಒಂದೊಂದು ತರಹ.

ಆದರೂ ನಂಬಿಕೆ ಬಾರದಿದ್ದರೆ ಒಂದು ಪ್ರಯೋಗ ಮಾಡು. ಬಾಟಲಿಯ ಮುಚ್ಚಳ ನಾಲ್ಕು ತೆಗೆದುಕೋ. ಒಂದರಲ್ಲಿ ಬರಿ ನೀರು, ಒಂದರಲ್ಲಿ ಸಕ್ಕರೆ ನೀರು, ಒಂದರಲ್ಲಿ ಉಪ್ಪಿನ ನೀರು, ಒಂದರಲ್ಲಿ ಎಣ್ಣೆ. ಬಚ್ಚಲಿನಲ್ಲಿ ದೂರ ದೂರ ಇಟ್ಟು ಯಾವುದಕ್ಕೆ ಎಷ್ಟು ಬರುತ್ತವೆ ನೋಡು. ಮನೆಯಲ್ಲಿ ಹುಡುಗರಿದ್ದರೆ ಅವರ ಕೈಯಿಂದ ಮಾಡಿಸು. ನೀನು ಅಷ್ಟೇ ದೊಡ್ಡವಳಿದ್ದಾಗ ಅಷ್ಟೂರಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಗುಂಬಜ್ ನೋಡುತ್ತಿದ್ದರೆ ನೀನು ನೆಲದ ಮೇಲೆ ಬೋರಲು ಮಲಗಿ ಇರುವೆ ನೋಡುತ್ತಿದ್ದೆ. ಆ ಮಾತು ಈಗ ಬೇಡ.

ಫಲಿತಾಂಶ ಬರೆದು ತಿಳಿಸು.

ಶಿವರಾಜಪ್ಪ

*

ಔರಾದ
23 ಸೆಪ್ಟೆಂಬರ್ 2024

ಅಪ್ಪಾ,

‘ಮನೆಯಲ್ಲಿ ಹುಡುಗರಿದ್ದರೆ’ ಎಂದು ಬರೆದಿದ್ದೀರಿ. ಇದ್ದಾಳೆ ಎಂದು ಎರಡು ಪತ್ರದಲ್ಲಿ ಬರೆದಿದ್ದೆ.

ನಿನ್ನೆ ರವಿವಾರ ಪ್ರಯೋಗ ಮಾಡಿದೆವು. ಅವಳ ಕೈಯಿಂದಲೇ ಮಾಡಿಸಿದೆ. ಬಹಳ ದಿನಗಳ ಮೇಲೆ ಅವಳ ಮುಖ ಅರಳಿದ್ದು ನೋಡಿದೆ. ಈಗೀಗ ಮಧ್ಯಾಹ್ನವೂ ಮಲಗಿಬಿಡುತ್ತಾಳೆ, ಆಡಲು ಕರೆದರೆ “ಕಾಲ ನೋಯ್ತಾವ” ಎನ್ನುತ್ತಾಳೆ. ನಿನ್ನೆ ಮಾತ್ರ ಸ್ಟೂಲಿನ ಮೇಲೆ ಕೂತು ಕಾವಲು ಕಾದಳು. ನಡುನಡುವೆ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದಳು. ಒಂದು ಸಲ ನೋಡುತ್ತೇನೆ, ಪ್ರಯೋಗದ ನೀರಿನ ಮುಚ್ಚಳವನ್ನೇ ಎತ್ತಿ ಬಾಯಿಗೆ ಹಾಕಿಕೊಂಡಿದ್ದಾಳೆ. ಬೈದು ಮತ್ತೆ ತುಂಬಿಸಿಟ್ಟೆ.

ಸಕ್ಕರೆಗೆ ಸಾಲು ಹಚ್ಚಿ ಬಂದವು. ಎಣ್ಣೆಗೆ ನಾಲ್ಕಾರು ಬಂದು ಮೂಸಿ ಹೋದವು. ಉಪ್ಪಿಗೆ ಇಲ್ಲ. ಬರಿ ನೀರಿಗೂ ಒಂದೂ ಬರಲಿಲ್ಲ. ಆಮೇಲೆ ಅವಳು ತನ್ನ ಬುದ್ಧಿಯಿಂದ ಒಂದು ಕೆಲಸ ಮಾಡಿದಳು. ಮುಂಜಾನೆ ಬಿಚ್ಚಿ ಹಾಕಿದ್ದ ತನ್ನ ಚಡ್ಡಿಯನ್ನು ತಂದು ಐದನೆಯದಾಗಿ ಇಟ್ಟಳು. ಇರುವೆಗಳು ಸಕ್ಕರೆಯ ಮುಚ್ಚಳದ ಪಕ್ಕದಲ್ಲೇ ಹಾದು ಅದಕ್ಕೂ ಸಾಲು ಹಚ್ಚಿದವು. “ಮಮ್ಮಿ, ನಾನೂ ಸಕ್ರಿ ಇದ್ದಂಗೇ ಹೌದಿಲ್ಲು?” ಎಂದು ಕುಣಿದಳು.

ಇವು ತೇವಕ್ಕೆ ಬರುವುದಾದರೆ ನೀರಿನ ಮುಚ್ಚಳ ಬಿಟ್ಟು ಅಲ್ಲಿಗೇ ಯಾಕೆ ಬಂದವು?

ಹೋದ ಸಲ ಬಿಟ್ಟ ಮಾತನ್ನು ಈಗ ಬರೆಯುತ್ತೇನೆ. ಅತ್ತೆ ಸಂತೆಗೆ ಹೋಗಿದ್ದಾರೆ. ಮೂರು ವರ್ಷ ತುಂಬಿದ ಮೇಲೆ ಹಾಸಿಗೆ ಒದ್ದೆ ಮಾಡದಿದ್ದವಳು ಎರಡು ತಿಂಗಳಿಂದ ದಿನಾ ಮಾಡುತ್ತಿದ್ದಾಳೆ. ರಾತ್ರಿ ಎರಡು ಸಲ ಎಬ್ಬಿಸಿದರೂ ಮಾಡುತ್ತಾಳೆ. “ಹೆಣ್ ಪೋರಿ ಅದ, ಓಣ್ಯಾಗ ಯಾರ ಮುಂದೂ ಅನಬ್ಯಾಡ, ಹೆಸರ ಬೀಳ್ತದ” ಎಂದು ಅತ್ತೆ ಹೇಳಿದ್ದಕ್ಕೆ ನಾನು ಬಾಯಿ ಮುಚ್ಚಿಕೊಂಡೆ. ಅಂಜಿಕೆಯಿಂದ ಆಗುತ್ತಿದೆ ಎಂದು ಎಲ್ಲರೂ ಅನ್ನುತ್ತಾರೆ. ನನಗೆ ಅನುಮಾನ ಬರುತ್ತಿದೆ. ಕೇಳಲು ನಾಚಿಕೆ, ಕೇಳದಿರಲು ಹೆದರಿಕೆ. ಕೈಲಾಶ ಗುರುವಾರ ರಜೆ ಹಾಕುತ್ತಾರೆ, ಬೀದರಿಗೆ ತೋರಿಸಲು ಹೋಗುತ್ತೇವೆ. ಅಷ್ಟರೊಳಗೆ ನಿಮಗೇನಾದರೂ ತಿಳಿದರೆ ಬರೆಯಿರಿ.

ಈಶ್ವರಿ

*

ಭಾಲ್ಕಿ
1 ಅಕ್ಟೋಬರ್ 2024

ಈಶ್ವರಿ,

ದವಾಖಾನೆಯಲ್ಲಿ ನಿನಗೆ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿನ್ನ ಪತ್ರ ಗುರುವಾರ ಬೆಳಗ್ಗೆ ಬಂತು. ಪಡಸಾಲೆಯಲ್ಲಿ ನಿಂತುಕೊಂಡೇ ಓದಿದೆ. ‘ಬರಿ ನೀರಿಗೂ ಒಂದೂ ಬರಲಿಲ್ಲ’ ಎಂಬಲ್ಲಿಗೆ ಬಂದವನು ಆ ಸಾಲನ್ನೇ ಮತ್ತೊಮ್ಮೆ ಓದಿದೆ. ನಂತರದ್ದನ್ನು ಓದುವ ಮೊದಲೇ ನನಗೆ ಗೊತ್ತಾಗಿತ್ತು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯನ್ನು ಮೈಯಲ್ಲಿ ಇಟ್ಟುಕೊಂಡವನು ನಾನು. ಬಾಯಾರಿಕೆ, ಸೊರಗುವುದು, ಹಾಸಿಗೆ ಒದ್ದೆ, ಮೂತ್ರಕ್ಕೆ ಇರುವೆ. ಇದನ್ನು ತಿಳಿಯಲು ಪ್ರಾಣಿಶಾಸ್ತ್ರವೂ ಬೇಕಿಲ್ಲ. ಆ ಸೀತಾಫಲದ ವಾಸನೆ ಕೂಸಿನ ಬಾಯಿಯದು. ರಕ್ತ ಹುಳಿಯಾಗುವಾಗ ಉಸಿರಿನಲ್ಲಿ ಬರುವ ವಾಸನೆ. ನಾನು ಅದನ್ನು ಸತ್ತ ಇರುವೆಯ ವಾಸನೆ ಎಂದು ಬರೆದು ಕಳಿಸಿದ್ದೆ. ಮಸೂರದ ಕೆಳಗೆ ಅವುಗಳ ಹೊಟ್ಟೆಯಲ್ಲಿ ನಿನ್ನ ಮಗಳ ಸಕ್ಕರೆ ತುಂಬಿತ್ತು. ಅದನ್ನು ನಾನು ಒಳ್ಳೆಯ ಮಾದರಿ ಎಂದು ಹೊಗಳಿದ್ದೆ.

ಫೋನು ಮಾಡೋಣ ಎಂದರೆ ನಿನ್ನ ನಂಬರು ಇಲ್ಲ. ನಾನೇ ಅಳಿಸಿದ್ದು. ಸತೀಶನ ಫೋನಿನಿಂದಲೂ ಅಳಿಸಿಹಾಕಿಸಿದ್ದೆ. ಅವನು “ಅಣ್ಣಾ, ಏನಾಗ್ಯಾದ ಹೇಳರೆ ಹೇಳು” ಎಂದು ಹಿಂದೆ ಬರುತ್ತಿದ್ದ. ನನ್ನ ಸಕ್ಕರೆ ನೋಡುವ ಮೀಟರನ್ನು ಜೇಬಿಗೆ ಹಾಕಿಕೊಂಡು ಕಮಲನಗರದ ಮೇಲೆ ಹೋಗುವ ಬಸ್ಸು ಹತ್ತಿದೆ.

ನಿಮ್ಮ ಮನೆಗೆ ಕೀಲಿ ಹಾಕಿತ್ತು. ಡಿಪೋಗೆ ಓಡಿದೆ. ಅಲ್ಲಿ ಚಾಂದ ಪಾಶಾ ಎಂಬ ಡ್ರೈವರ್ ಸಿಕ್ಕ. “ಕೈಲಾಶಂದು ಬಚ್ಚೀಗಿ ಮುಂಜಾನಿಂದ ಉಲ್ಟಿ ಹತ್ತಿದ್ವು ಸಾಬ್. ಇಲ್ಲೇ ಒಂದ್ ದವಾಖಾನ್ಯಾಗ ಗ್ಲೂಕೋಸ್ ಏರಿಸಿದ್ರು. ಏರಿಸಿದ ಮ್ಯಾಲ ಹೋಶೇ ಹೋತು. ಬಾಟಲಿ ಸಮೇತ ಬೀದರಕ್ಕ ಒಯ್ದಾರ. ನೀವ್ಯಾರ್ರಿ?” ಎಂದ. ಅವಳ ಅಜ್ಜ ಎಂದೆ. “ಕೈಲಾಶಗ ಮಾವ ಇದ್ದಾರಂತ ನಮಗ್ಯಾರಿಗೂ ಗೊತ್ತೇ ಇಲ್ಲಲ್ರಿ” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ವಾಂತಿ, ಎಚ್ಚರ ತಪ್ಪಿದ್ದು, ಅವನು ಹೇಳಿದ್ದರಲ್ಲೆಲ್ಲ ನನಗೆ ಒಂದೇ ಶಬ್ದ ಕೇಳುತ್ತಿತ್ತು. ಗ್ಲೂಕೋಸ್. ಮೈಯೆಲ್ಲ ಸಕ್ಕರೆಯಾದ ಕೂಸಿಗೆ ನರದೊಳಗೆ ಸಕ್ಕರೆ ಬಿಡುತ್ತಿದ್ದಾರೆ.

ಆ ಪುಣ್ಯಾತ್ಮನೇ ದವಾಖಾನೆಯ ಗುರುತು ಹೇಳಿ ಒಂದು ಜೀಪು ಮಾಡಿಕೊಟ್ಟ. ಕೌಠಾ ಸೇತುವೆ ದಾಟುವಾಗ ಜೀಪಿನವನಿಗೆ ಇನ್ನೂ ಜೋರು ಓಡಿಸು ಎಂದು ಬೈದೆ, ಆಮೇಲೆ ಕೈ ಮುಗಿದೆ. ದಾರಿಯುದ್ದಕ್ಕೂ ನಾನು ಬರೆದ ಆ ಎರಡು ಪತ್ರಗಳನ್ನೇ ಮನಸ್ಸಿನಲ್ಲಿ ಓದುತ್ತಿದ್ದೆ. ಅದರಲ್ಲಿ ರಾಣಿ ಇರುವೆ ಇತ್ತು, ಆಫ್ರಿಕ ಇತ್ತು, ಹಡಗು ಇತ್ತು. ‘ಮಗು ಹೇಗಿದೆ’ ಎಂಬ ಎರಡು ಶಬ್ದ ಎಲ್ಲಿಯೂ ಇರಲಿಲ್ಲ.

ದವಾಖಾನೆಯ ಕೌಂಟರಿನಲ್ಲಿ ಕೂತಿದ್ದ ಹುಡುಗಿಗೆ, ಔರಾದದಿಂದ ಬಂದ ಮಗು ಎಲ್ಲಿದೆ, ಗ್ಲೂಕೋಸ್ ನಿಲ್ಲಿಸಬೇಕು ಎಂದು ಹೇಳಿದೆ. “ಔರಾದಿಂದ ಮೂರು ಮಂದಿ ಬಂದಾರ್ರಿ. ಪೇಶಂಟ್ ಹೆಸರ ಹೇಳ್ರಿ ಅಜ್ಜಾರ” ಎಂದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮರೆತಿದ್ದರೆ ನೆನಪು ಮಾಡಿಕೊಳ್ಳಬಹುದಿತ್ತು, ಈಶ್ವರಿ. ಗೊತ್ತೇ ಇಲ್ಲದ್ದನ್ನು ಎಲ್ಲಿಂದ ತರಲಿ? ಏಳು ವರ್ಷದವಳು, ಕೈಲಾಶನ ಮಗಳು ಎಂದೆ. “ಹೆಸರ್ರಿ, ಹೆಸರು” ಎಂದಳು. ರೋಗ ಯಾವುದು ಎಂದು ಗೊತ್ತಿತ್ತು, ಅದರ ಔಷಧವೂ ಗೊತ್ತಿತ್ತು. ಆ ಇರುವೆಯ ಲ್ಯಾಟಿನ್ ಹೆಸರು ಗೊತ್ತಿತ್ತು. ಕೌಂಟರಿನ ಕಟ್ಟೆ ಹಿಡಿಯಲು ಹೋಗಿ ವಾಲಿದಾಗ ನೀನು ಎಲ್ಲಿಂದಲೋ ಬಂದು ನನ್ನ ತೋಳು ಹಿಡಿದೆ.

ಮುಂದಿನದ್ದು ನೀನೇ ನೋಡಿದ್ದೀ. ನರ್ಸು ನನ್ನ ಮೀಟರನ್ನು ಹಚ್ಚಿದಾಗ ಅಂಕಿ ಮೂಡಲಿಲ್ಲ. ‘ಹೈ’ ಎಂದಷ್ಟೇ ತೋರಿಸಿತು. ಅಳೆಯುವ ಮಿತಿ ದಾಟಿದರೆ ಅದು ಹಾಗೆ ತೋರಿಸುತ್ತದೆ. ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಡಾಕ್ಟರು ಓಡಿಬಂದು ಬಾಟಲಿ ಬಿಚ್ಚಿಸಿದರು. ಗಾಜಿನಾಚೆ ಅವಳ ಎದೆ ಹಾರುವುದನ್ನು ನೋಡುತ್ತ ನಾನು ಗೋಡೆಗೆ ಆತು ನಿಂತೆ. ಶಾಲುಬಾಯಿಯವರು ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಾಕಿ, ನನ್ನ ಕೈಗೆ ಕೊಡದೆ ಪಕ್ಕದ ಬೆಂಚಿನ ಮೇಲೆ ಇಟ್ಟರು. ಎಂಟು ವರ್ಷದ ಹಿಂದಿನದನ್ನು ಅವರು ಮರೆತಿಲ್ಲ. ಸಕ್ಕರೆ ಹಾಕಿದ ಚಹಾ. ಎತ್ತಿ ಕುಡಿದೆ.

ಮೂರನೆಯ ದಿನ ಅವಳು ಕಣ್ಣು ಬಿಟ್ಟಳು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದೆ. ಒಳಗೆ ಹೋದರೆ ಅವಳನ್ನು ಏನೆಂದು ಕರೆಯಲಿ? ನೀನು ಕೂಸು ಎನ್ನುತ್ತಿದ್ದೆ. ಶಾಲುಬಾಯಿಯವರು ಬಾಳಾ ಎನ್ನುತ್ತಿದ್ದರು. ನರ್ಸು ಆರನೆಯ ಬೆಡ್ಡು ಎನ್ನುತ್ತಿದ್ದಳು. ಮೂರು ದಿನ ಕಿವಿ ಕೊಟ್ಟು ಕೂತರೂ ಹೆಸರು ಕಿವಿಗೆ ಬೀಳಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆಯಾಯಿತು.

ಅವಳು ಹೇಗಿದ್ದಾಳೆ, ಬರೆ. ಇನ್ಸುಲಿನ್ ಚುಚ್ಚುವಾಗ ಅಳುತ್ತಾಳೆಯೇ? ಊಟ ಮಾಡುತ್ತಾಳೆಯೇ? ಹೆಸರನ್ನೂ ಬರೆ.

ಶಿವರಾಜಪ್ಪ

*

ಮೈಲೂರ, ಬೀದರ
9 ಅಕ್ಟೋಬರ್ 2024

ಅಪ್ಪಾ,

ನಾವು ಮೈಲೂರದಲ್ಲಿ ಕೈಲಾಶರ ಅಕ್ಕ ಜನಾಬಾಯಿಯ ಮನೆಯಲ್ಲಿದ್ದೇವೆ. ನಿಮ್ಮ ಪತ್ರವನ್ನು ಕೈಲಾಶ ಔರಾದದಿಂದ ತಂದುಕೊಟ್ಟರು. ದವಾಖಾನೆಯಿಂದ ಶುಕ್ರವಾರ ಬಿಟ್ಟರು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ಇನ್ನು ಜೀವಮಾನವಿಡೀ. ಮೊದಲ ಸಲ ನಾನು ಚುಚ್ಚುವಾಗ ಅವಳು ಅಳಲಿಲ್ಲ, ನಾನೇ ಅತ್ತುಬಿಟ್ಟೆ. ಊಟ ಮಾಡುತ್ತಾಳೆ. ನಿನ್ನೆ ಜೋಳದ ರೊಟ್ಟಿ ಒಂದೂವರೆ ತಿಂದಳು. ಹಾಸಿಗೆ ಒಣಗಿಯೇ ಇರುತ್ತದೆ. ಇರುವೆ ಒಂದೂ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಅವಳ ಚಡ್ಡಿಯನ್ನು ಫರಸಿಯ ಮೇಲೆ ಇಟ್ಟು ಕಾಯುತ್ತ ಕೂರುತ್ತೇನೆ. ಅತ್ತೆಯೂ ಬಂದು ಪಕ್ಕಕ್ಕೆ ಕೂರುತ್ತಾರೆ. ಈಗ ಅವರು ನಗುವುದಿಲ್ಲ. “ಯಾರ ಮುಂದೂ ಅನಬ್ಯಾಡ ಅಂದಾಕಿ ನಾನೇ” ಎಂದು ಒಂದೇ ಮಾತನ್ನು ದಿನಾ ಹೇಳಿಕೊಳ್ಳುತ್ತಾರೆ. ಅದನ್ನು ಕೇಳುವುದು ನನ್ನಿಂದ ಆಗುತ್ತಿಲ್ಲ.

ಡಾಕ್ಟರು ಹೇಳಿದರು, ಆ ಬಾಟಲಿ ಪೂರ್ತಿ ಹೋಗಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದು. ನಿಮ್ಮಿಂದ ಉಳಿದಳು ಎಂದು ಕೈಲಾಶ ಎಲ್ಲರ ಮುಂದೆ ಹೇಳುತ್ತಾರೆ. ನಿಮ್ಮನ್ನು ಕರೆತರಲು ಭಾಲ್ಕಿಗೆ ಬರುತ್ತೇನೆ ಎಂದರು. ನಾನೇ ತಡೆದೆ. ಮೊದಲು ಈ ಪತ್ರ ನಿಮಗೆ ಮುಟ್ಟಲಿ ಎಂದು.

ನಾನು ಎಲ್ಲಿಂದಲೋ ಬಂದು ತೋಳು ಹಿಡಿದೆ ಎಂದು ಬರೆದಿದ್ದೀರಿ. ನಾನು ಎಲ್ಲಿಂದಲೂ ಬರಲಿಲ್ಲ, ಅಪ್ಪಾ. ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದೆ. ಔಷಧಿಯ ಚೀಟಿ ಹಿಡಿದು ಕೆಳಗೆ ಇಳಿದು ಬಂದಾಗ ನಿಮ್ಮ ದನಿ ಕೇಳಿಸಿತು. ಎಂಟು ವರ್ಷದ ಮೇಲೆ ಕೇಳಿದ ದನಿ. ಕನಸು ಎನ್ನಿಸಿತು. ಹತ್ತಿರ ಬಂದೆ. ಆ ಹುಡುಗಿ ಹೆಸರು ಕೇಳಿದ್ದೂ ಕೇಳಿಸಿತು. ಹಿಂದಿನಿಂದಲೇ ಹೇಳಿಬಿಡಬಹುದಿತ್ತು. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡೆ.

ನಿಮ್ಮ ಬಾಯಿಂದ ಬರುತ್ತದೆಯೋ ಇಲ್ಲವೋ ನೋಡಬೇಕು ಎನ್ನಿಸಿತು. ಎರಡನೆಯ ಸಲ ಕೇಳಿದಳು. ಆಗಲೂ ಸುಮ್ಮನಿದ್ದೆ. ನಿಮ್ಮ ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನಗೆ ಖುಷಿಯಾಯಿತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಮೇಲೆ ನನ್ನ ಮಗಳು ಏದುಸಿರು ಬಿಡುತ್ತ ಮಲಗಿದ್ದಾಳೆ, ಬಾಟಲಿ ಹನಿಯುತ್ತಿದೆ, ನೀವು ಅದನ್ನು ನಿಲ್ಲಿಸಿ ಎಂದು ಕೂಗಿದ್ದೂ ನನ್ನ ಕಿವಿಗೆ ಬಿದ್ದಿದೆ. ಅಷ್ಟಾದರೂ ನಾನು ಅಲ್ಲೇ ನಿಂತು, ಅನುಭವಿಸಲಿ, ಇನ್ನೊಂದಿಷ್ಟು ಅನುಭವಿಸಲಿ ಎಂದುಕೊಂಡೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಡಾಕ್ಟರನ್ನು ಕೇಳಲು ಧೈರ್ಯವಿಲ್ಲ. ನೀವು ಬೀಳುವ ಹಾಗೆ ವಾಲಿದಾಗ ಕೈ ತಾನೇ ಮುಂದೆ ಹೋಯಿತು.

ಕೈಲಾಶರಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವರು ನನ್ನ ಮುಖ ನೋಡುತ್ತಾರೋ ಇಲ್ಲವೋ. ನಿಮಗೆ ಮಾತ್ರ ಹೇಳುತ್ತಿದ್ದೇನೆ, ಏಕೆಂದರೆ ಇಂಥದ್ದು ನಿಮಗೆ ಅರ್ಥವಾಗುತ್ತದೆ. ಮೂರು ಪತ್ರ ಬರೆದೆ, ಒಂದರಲ್ಲೂ ಅವಳ ಹೆಸರು ಬರೆಯಲಿಲ್ಲ. ನೀವಾಗಿ ಕೇಳಲಿ ಎಂದು ಹಟ ಹಿಡಿದಿದ್ದೆ. ನೀವು ಕೇಳಬಾರದು ಎಂದು ಹಟ ಹಿಡಿದಿದ್ದಿರಿ. ನಡುವೆ ಅವಳು ನೀರು ನೀರು ಎಂದು ಬಾಯಿ ಬಿಡುತ್ತಿದ್ದಳು. ನಿಮ್ಮ ಮೇಲೆ ಕೂಗಾಡಬೇಕು ಎಂದು ಕೂತವಳು ನನ್ನನ್ನು ನೋಡಿ ನಾನೇ ಹೆದರಿದ್ದೇನೆ.

ಗಾಜಿನ ಆಚೆ ನಿಂತಿದ್ದ ಅಜ್ಜ ಯಾರು ಎಂದು ಅವಳು ಕೇಳಿದಳು. ಎಚ್ಚರವಿಲ್ಲ ಎಂದು ನಾವು ತಿಳಿದಿದ್ದೆವು, ಅವಳು ನೋಡಿದ್ದಾಳೆ. ಹೇಳಿದೆ. “ಹಂಗಾರ ಒಳಗ್ಯಾಕ ಬರಲಿಲ್ಲ?” ಎಂದಳು. ಮುಂದಿನ ಬುಧವಾರ ಡಾಕ್ಟರ ಹತ್ತಿರ ಮತ್ತೆ ತೋರಿಸಬೇಕು. ಆ ಕೌಂಟರಿನಲ್ಲಿ ಅದೇ ಹುಡುಗಿ ಕೂತಿರುತ್ತಾಳೆ, ಮತ್ತೆ ಕೇಳುತ್ತಾಳೆ. ನೀವು ಬನ್ನಿ. ನಾನು ಹಿಂದೆ ನಿಲ್ಲುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತೇನೆ.

ಅವಳ ಹೆಸರು ಪ್ರಣಿತಾ. ಕೇಳಿದ ಕೂಡಲೇ ಹೇಳಿಬಿಡಿ.

ಈಶ್ವರಿ